ಕಿವಿಗೆ ಬೀಳದ ಮಾತು

ಕಿವಿ ಬಂದ ಹೊಸತರಲ್ಲಿ ಅದನ್ನು ಬಾಯ್ತುಂಬ ಹೊಗಳಿದವರಲ್ಲಿ ಗದಗಿನ ಹೆರಿಗೆ ಡಾಕ್ಟರು ಇಂದುಮತಿ ಮುಳಗುಂದ ಒಬ್ಬಳು. ಮುಂದೆ ಆಕೆ ಇದನ್ನು ಮರೆಯಲು ಪ್ರಯತ್ನಪಟ್ಟರೂ ಆಕೆಯ ಗಂಡ ಜಯತೀರ್ಥ ಮರೆಯಗೊಡಲಿಲ್ಲ.

ಸರಕಾರಿ ಕಾಗದಗಳಲ್ಲಿ ಅದರ ಹೆಸರು ಸ್ವಯಂಚಾಲಿತ ಚಿಕಿತ್ಸಾ ದಾಖಲೆ ವ್ಯವಸ್ಥೆ. ಅಷ್ಟುದ್ದ ಹೆಸರನ್ನು ಕರೆಯುತ್ತ ಕೂಡಲು ಯಾರಿಗೆ ಪುರಸೊತ್ತಿದೆ? ಜನ ಕಿವಿ ಅಂದರು, ಅದೇ ನಿಂತಿತು. ಅಂಗಿಯ ಗುಂಡಿಗಿಂತ ತುಸು ದೊಡ್ಡದಾದ ಬೂದು ಬಣ್ಣದ ಬಿಲ್ಲೆ. ರೋಗಿಯನ್ನು ನೋಡುವ ಕೋಣೆಯ ಗೋಡೆಗೆ ಅಂಟಿಸಿದರೆ ಮುಗಿಯಿತು. ಒಳಗೆ ಆಡಿದ್ದೆಲ್ಲ ಅದಕ್ಕೆ ಕೇಳುತ್ತದೆ. ಯಾವ ದನಿ ಯಾರದೆಂದು ಬೇರ್ಪಡಿಸುತ್ತದೆ. ಡಾಕ್ಟರರ ಕೈ ಎಲ್ಲಿ ಮುಟ್ಟಿತು, ಎಷ್ಟು ಹೊತ್ತು ಮುಟ್ಟಿತು ಎಂಬುದನ್ನೂ ಕಾಣುತ್ತದೆ. ರೋಗಿ ಎದ್ದು ಹೊಸ್ತಿಲು ದಾಟಿದ ಕೂಡಲೇ ಅಷ್ಟನ್ನೂ ಅಚ್ಚುಕಟ್ಟಾಗಿ ಕೇಸ್ ಪೇಪರ್ ಮಾಡಿ ಮುದ್ರೆ ಒತ್ತಿಬಿಡುತ್ತದೆ. ಆಮೇಲೆ ಒಂದಕ್ಷರ ತಿದ್ದಲು ಯಾರಪ್ಪನಿಂದಲೂ ಆಗದು. ಅದರ ಒಂದು ಪ್ರತಿ ಹುಬ್ಬಳ್ಳಿಯ ಲೈಸೆನ್ಸ್ ಮಂಡಳಿಗೆ ಹೋಗುತ್ತದೆ, ಇನ್ನೊಂದು ರೋಗಿಯ ಮನೆಯವರು ಬರೆಸಿದ ಫೋನಿಗೆ.

ಇಂಥದ್ದೊಂದು ಬೇಕಾಗಿತ್ತು ಎಂಬುದನ್ನು ಯಾರೂ ಅಲ್ಲಗಳೆಯುವಂತಿರಲಿಲ್ಲ. ಅದಕ್ಕೂ ಮುಂಚೆ ಕೇಸ್ ಪೇಪರ್ ಬರೆಯುತ್ತಿದ್ದವರು ಡಾಕ್ಟರರೇ. ರೋಗಿ ಸತ್ತ ಮೇಲೆ ಕೂತು ಹಿಂದಿನ ವಾರದ ಬಿ.ಪಿ. ಬರೆದ ಮಹಾನುಭಾವರಿದ್ದರು. ನೋಡದೆ ನೋಡಿದೆ ಅಂತ, ಹೇಳದೆ ಹೇಳಿದೆ ಅಂತ ಬರೆದು ಸಹಿ ಜಡಿದವರಿದ್ದರು. ಅಂಥ ಒಂದಿಬ್ಬರನ್ನು ಇಂದುಮತಿಯೇ ಬಲ್ಲಳು. ಹಾಗಾಗಿ ಕಿವಿ ಬರಲಿ ಎಂಬ ಮನವಿಗೆ ಆಕೆ ಸಹಿ ಹಾಕಿದ್ದಲ್ಲದೆ ನಾಲ್ಕು ಜನರಿಂದ ಹಾಕಿಸಿಯೂ ಇದ್ದಳು.

ಮಂಡಳಿಯ ಯಂತ್ರ ಪ್ರತಿ ಕೇಸ್ ಪೇಪರಿಗೂ ಅಂಕ ಕೊಡುತ್ತಿತ್ತು. ಕೇಳಬೇಕಾದ್ದನ್ನು ಕೇಳಿದರೋ, ಮುಟ್ಟಬೇಕಾದಲ್ಲಿ ಮುಟ್ಟಿದರೋ, ಅಪಾಯವನ್ನು ಬಾಯಿಬಿಟ್ಟು ಹೇಳಿದರೋ ಎಂದು. ಅಂಕ ಇಳಿದರೆ ಗೋಡೆಯ ಮೇಲಿನ ಲೈಸೆನ್ಸಿನ ದೀಪ ಹಸಿರಿನಿಂದ ಹಳದಿಗೆ ಬರುತ್ತಿತ್ತು, ಹಳದಿಯಿಂದ ಕೆಂಪಿಗೆ. ಕೆಂಪಾದ ಡಾಕ್ಟರರ ಚೀಟಿಗೆ ಯಾವ ಔಷಧದಂಗಡಿಯಲ್ಲೂ ಒಂದು ಗುಳಿಗೆ ಹುಟ್ಟುವುದಿಲ್ಲ.

ಡಾಕ್ಟರರು ಬೇಗ ಪಳಗಿದರು. ಮೌನವಾಗಿ ಹೊಟ್ಟೆ ಒತ್ತಿ ನೋಡುತ್ತಿದ್ದವರು, "ಈಗ ನಾನು ಹೊಟ್ಟೆಯ ಬಲಭಾಗವನ್ನು ಒತ್ತುತ್ತಿದ್ದೇನೆ, ಗಡ್ಡೆ ಕಾಣುತ್ತಿಲ್ಲ" ಎಂದು ಪಠ್ಯಪುಸ್ತಕದ ಕನ್ನಡದಲ್ಲಿ ಗೋಡೆಗೆ ವರದಿ ಒಪ್ಪಿಸತೊಡಗಿದರು. ಒಬ್ಬ ಮುದುಕನಂತೂ, ಇವರು ಮಾತಾಡುವುದು ಯಾರ ಜೊತೆಗೆ ಎಂದು ಹಿಂದೆ ತಿರುಗಿ ನೋಡಿದ್ದ. ರೋಗಿಗಳೂ ಪಳಗಿದರು. ಕೇಸ್ ಪೇಪರ್ ಹೋಗುವ ಫೋನು ಬಹುಮಟ್ಟಿಗೆ ಮನೆಯ ಹಿರೀಕನ ಕಿಸೆಯಲ್ಲಿರುತ್ತಿತ್ತು. ಅಲ್ಲಿ ಓದಿಸಿಕೊಳ್ಳಲು ಯೋಗ್ಯವಾದಷ್ಟನ್ನೇ ಅವರು ಆಡತೊಡಗಿದರು. ಕೆಲವೇ ವರ್ಷಗಳಲ್ಲಿ, ದಾಖಲೆಯ ಪ್ರಕಾರ, ಜಿಲ್ಲೆಯಲ್ಲಿ ಕುಡಿಯುವವನು ಒಬ್ಬನೂ ಉಳಿಯಲಿಲ್ಲ. ಸಾರಾಯಿ ಅಂಗಡಿಗಳು ಮಾತ್ರ ಮೊದಲಿನಂತೆಯೇ ನಡೆಯುತ್ತಿದ್ದವು.

ಎಲ್ಲಕ್ಕಿಂತ ಕಷ್ಟವಾದದ್ದು ಹೆರಿಗೆ ಡಾಕ್ಟರರಿಗೆ. ಆ ಸೀಮೆಯಲ್ಲಿ ಬಸುರಿ ಒಬ್ಬಳೇ ಬರುವುದಿಲ್ಲ. ಅತ್ತೆ ಬರುತ್ತಾಳೆ, ಪಕ್ಕದಲ್ಲಿ ಕೂಡುತ್ತಾಳೆ, ಕೇಳಿದ ಪ್ರಶ್ನೆಗೆಲ್ಲ ತಾನೇ ಉತ್ತರಿಸುತ್ತಾಳೆ. ಮೊದಲಾದರೆ ಅತ್ತೆಯನ್ನು ಏನೋ ನೆಪ ಹೇಳಿ ಹೊರಗೆ ಕಳಿಸಬಹುದಿತ್ತು. ಈಗ ಅತ್ತೆ ಹೊರಗೆ ಹೋದರೂ ಕಿವಿ ಹೋಗುವುದಿಲ್ಲ. ಆಗ ಯಾರಿಗೆ ಮೊದಲು ಹೊಳೆಯಿತೋ, ಒಬ್ಬರನ್ನು ನೋಡಿ ಒಬ್ಬರು ತೂಕದ ಯಂತ್ರವನ್ನು ಕೋಣೆಯಿಂದ ಹೊರಗಿನ ವರಾಂಡಕ್ಕೆ ಸರಿಸಿದರು. ನಾಲ್ಕು ಜನ ಓಡಾಡುವ ವರಾಂಡದಲ್ಲಿ ಕಿವಿ ಇಡುವಂತಿರಲಿಲ್ಲ. ತೂಕಕ್ಕೆ ಉತ್ತರ ಹೇಳುವುದೇನೂ ಇಲ್ಲವಾದ್ದರಿಂದ ಅತ್ತೆಯರೂ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ. "ತೂಕಕ್ಕ ಬಾರವಾ" ಎಂದು ಡಾಕ್ಟರು ಕರೆದರೆ ಹುಡುಗಿಯರಿಗೆ ಅರ್ಥವಾಗುತ್ತಿತ್ತು. ಊರಿನ ಬಸುರಿಯರೆಲ್ಲ ಬಹಳ ಹೊತ್ತು ತೂಗಿಸಿಕೊಳ್ಳತೊಡಗಿದರು.

ಲಕ್ಕುಂಡಿಯ ಕಡೆಯ ಒಂದು ಹಳ್ಳಿಯಿಂದ ಬಸಲಿಂಗವ್ವ ಎಂಬಾಕೆ ತನ್ನ ಸೊಸೆ ಶಿವಲೀಲಾಳನ್ನು ಕರೆತಂದದ್ದು ಇಂಥ ಕಾಲದಲ್ಲಿ. ಅತ್ತೆ ವಯಸ್ಸಾದರೂ ಎತ್ತರದ, ಕಟ್ಟುಮಸ್ತಾದ ಹೆಂಗಸು. ಸೊಸೆ ಅವಳ ಹೆಗಲಿಗೂ ಬಾರದ ಸಣ್ಣ ಹುಡುಗಿ.

"ಎಷ್ಟು ತಿಂಗಳಾತವಾ?" ಇಂದುಮತಿ ಕೇಳಿದ್ದು ಸೊಸೆಯನ್ನು.

"ಮೂರು ತುಂಬಿ ನಾಕರಾಗ ಐತ್ರಿ," ಅಂದದ್ದು ಅತ್ತೆ.

"ಊಟ ಸೇರ್ತದೇನು?"

"ಸೇರ್ತೈತ್ರಿ. ಮುಂಜಾನಿಗೆ ಒಂದೀಟ ವಾಂತಿ, ಅಷ್ಟ."

"ಹಿಂದ ಏನಾದ್ರೂ ಜಡ್ಡು ಇತ್ತೇನು? ಸಕ್ಕರಿ, ಬಿ.ಪಿ., ಮೂರ್ಛೆ?"

"ಏನೂ ಇಲ್ರಿ. ಗಟ್ಟಿಮುಟ್ಟ ಹುಡುಗಿ. ನೋಡೇ ತಂದೀವಿ."

ಅತ್ತೆಯ ದನಿಯಲ್ಲಿ ಬಂದ ಈ ಉತ್ತರಗಳನ್ನು ಕಿವಿ ಅತ್ತೆಯ ಹೆಸರಲ್ಲೇ ಬರೆದುಕೊಂಡು, ರೋಗಿಯ ಸ್ವಂತ ಉತ್ತರವಿಲ್ಲ ಎಂದು ಪಕ್ಕದಲ್ಲಿ ಗುರುತು ಹಾಕಿತು. ಇಂದುಮತಿ ಎಂದಿನಂತೆ ತೂಕಕ್ಕೆ ಕರೆದಳು.

ವರಾಂಡದಲ್ಲಿ ಶಿವಲೀಲಾ ಯಂತ್ರದ ಮೇಲೆ ಹತ್ತಿ ನಿಂತು, ಮುಳ್ಳನ್ನು ನೋಡುವವಳಂತೆ ತಲೆ ತಗ್ಗಿಸಿಕೊಂಡೇ ಹೇಳಿದಳು. "ಬಾಯಾರ, ನನಗ ಸಣ್ಣಾಕಿದ್ದಾಗಿಂದ ಫಿಟ್ಸ್ ಬರ್ತಾವ್ರಿ. ದಿನಾ ಗುಳಿಗಿ ತಗೋತೀನಿ. ನಮ್ಮವ್ವ ಕಳಸ್ತಾಳ. ಬಸುರಾಗ ತಗೋಬೇಕೋ ಬಿಡಬೇಕೋ?"

"ಮನ್ಯಾಗ ಯಾರಿಗೂ ಗೊತ್ತಿಲ್ಲೇನು?"

"ಗೊತ್ತಾದ್ರ ತವರಿಗೆ ಕಳಸ್ತಾರ್ರಿ. ನಮ್ಮ ಚಿಗವ್ವನ್ನ ಆಕಿ ಗಂಡನ ಮನಿಯವರು ಹಂಗ ಕಳಿಸಿದ್ರು. ಆಕಿ ಇನ್ನೂ ನಮ್ಮ ಮನ್ಯಾಗ ಅದಾಳ."

ಇಂದುಮತಿ ಗುಳಿಗೆಯ ಹೆಸರು ಕೇಳಿದಳು. ಬಸಿರಿನಲ್ಲೂ ನಡೆಯುವ ಗುಳಿಗೆ. ತಿಂಗಳು ತುಂಬುತ್ತ ಬಂದಂತೆ ಅದರ ಅಂಶ ರಕ್ತದಲ್ಲಿ ಇಳಿಯುತ್ತದೆ. ಆಗಾಗ ಪರೀಕ್ಷೆ ಮಾಡಿಸಿ ಪ್ರಮಾಣ ಏರಿಸಬೇಕು. ಪರೀಕ್ಷೆಗೆ ಬರೆದುಕೊಟ್ಟರೆ ಅದು ಅಂದೇ ಮಾವನ ಫೋನಿಗೆ ಹೋಗುತ್ತದೆ. ಹಾಗಾಗಿ ಆಕೆ ಅಂದಾಜಿನ ಮೇಲೆ ಹೇಳಿದಳು.

"ಬಿಡಬ್ಯಾಡ. ಐದನೇ ತಿಂಗಳಿಂದ ಅರ್ಧ ಹೆಚ್ಚು ಮಾಡು. ನಾ ಇಲ್ಲದಾಗ ಏನಾದ್ರೂ ಆತಂದ್ರ ಅಲ್ಲಿರೋ ಡಾಕ್ಟರಿಗೆ ಮೊದಲ ಇದನ್ನ ಹೇಳು. ತಿಳೀತಿಲ್ಲೋ?"

"ತಿಳೀತ್ರಿ."

ಮೂರ್ಛೆ ಹೋದವಳು ತನಗೆ ಮೂರ್ಛೆ ರೋಗವಿದೆಯೆಂದು ಹೇಳುವುದು ಹೇಗೆ ಎಂಬುದು ಆ ಹೊತ್ತಿಗೆ ಇಂದುಮತಿಗೆ ಹೊಳೆಯಲಿಲ್ಲ. ಇಷ್ಟು ವರ್ಷ ಡಾಕ್ಟರಿಕೆ ಮಾಡಿದವಳಿಗೆ ಹೊಳೆಯಬೇಕಾಗಿತ್ತು.

ಏಳು ತುಂಬಿ ಎಂಟಕ್ಕೆ ಬಿದ್ದಾಗ ಶಿವಲೀಲಾಳಿಗೆ ಮನೆಯಲ್ಲೊಮ್ಮೆ, ಆಸ್ಪತ್ರೆಯ ಬಾಗಿಲಲ್ಲೊಮ್ಮೆ ಫಿಟ್ಸ್ ಬಂತು. ಇಂದುಮತಿ ಅಂದು ಬೆಳಗಾವಿಯಲ್ಲಿ ವೈದ್ಯ ವಿದ್ಯಾರ್ಥಿಗಳ ಪರೀಕ್ಷೆ ನಡೆಸುತ್ತಿದ್ದಳು. ಫೋನನ್ನು ಪರೀಕ್ಷಾ ಕೋಣೆಯ ಹೊರಗೆ ಇಟ್ಟಿದ್ದಳು. ಆಸ್ಪತ್ರೆಯಲ್ಲಿದ್ದವಳು ಆಕೆಯ ಸಹಾಯಕಿ ಡಾಕ್ಟರ್ ಪ್ರಣೀತಾ, ಚುರುಕಾದ ಹುಡುಗಿ. ಪ್ರಣೀತಾ ದಾಖಲೆ ತೆರೆದು ನೋಡಿದಳು: ಹಿಂದೆ ಯಾವ ರೋಗವೂ ಇಲ್ಲ. ಬಿ.ಪಿ. ಏರಿತ್ತು. ಬಸಲಿಂಗವ್ವನನ್ನು ಕೇಳಿದಳು, "ಮೊದಲ ಯಾವಾಗರ ಹಿಂಗಾಗಿತ್ತೇನ್ರಿ?"

"ಇಲ್ರಿ. ಇದ ಮೊದಲ."

ಅಲ್ಲಿಗೆ ಅದು ಬಿ.ಪಿ. ಏರಿಸಿ ಫಿಟ್ಸ್ ತರುವ ಬಸಿರಿನ ನಂಜು ಎಂದಾಯಿತು. ನಂಜಾದರೆ ಕೂಸನ್ನು ತಡಮಾಡದೆ ಹೊರಗೆ ತೆಗೆಯಬೇಕು, ಇಲ್ಲದಿದ್ದರೆ ತಾಯಿ ಉಳಿಯುವುದಿಲ್ಲ. ಪ್ರಣೀತಾ ಆಪರೇಷನ್ ಮಾಡಿ ತೆಗೆದಳು. ಅವಳ ಜಾಗದಲ್ಲಿ ಯಾರಿದ್ದರೂ ಅದನ್ನೇ ಮಾಡುತ್ತಿದ್ದರು. ಶಿವಲೀಲಾ ಉಳಿದಳು. ಹೆಣ್ಣು ಕೂಸು, ಗಾಜಿನ ಪೆಟ್ಟಿಗೆಯಲ್ಲಿ ಮರುದಿನ ಮಧ್ಯಾಹ್ನದವರೆಗೆ ಇದ್ದು ತೀರಿಕೊಂಡಿತು. ಹಳೆಯ ಮೂರ್ಛೆ ರೋಗವೆಂದು ತಿಳಿದಿದ್ದರೆ ಒಂದು ಇಂಜೆಕ್ಷನ್ ಕೊಟ್ಟು, ಗುಳಿಗೆ ಹೆಚ್ಚಿಸಿ ಮನೆಗೆ ಕಳಿಸಬಹುದಿತ್ತು. ಕೂಸು ತಾಯಿಯ ಹೊಟ್ಟೆಯಲ್ಲೇ ಬೆಳೆಯುತ್ತಿತ್ತು. ಪ್ರಣೀತಾಳ ಕೇಸ್ ಪೇಪರಿಗೆ ಪೂರ್ಣ ಅಂಕ ಬಂತು.

ಇಂದುಮತಿಯ ಮೇಲೆ ದೂರು ಕೊಟ್ಟವರು ಯಾರೂ ಇಲ್ಲ. ಕೂಸು ಸತ್ತರೆ ಮಂಡಳಿಯ ಯಂತ್ರ ತಾನಾಗಿಯೇ ಹಿಂದಿನ ದಾಖಲೆಗಳನ್ನೆಲ್ಲ ಜಾಲಾಡುತ್ತದೆ. ಜಾಲಾಡಿ, ಶಿವಲೀಲಾಳ ಬಿ.ಪಿ. ಫಿಟ್ಸ್ ನಿಂತೊಡನೆ ಇಳಿದಿದೆ, ಮೂತ್ರದಲ್ಲಿ ನಂಜಿನ ಲಕ್ಷಣವಿಲ್ಲ, ಇದು ಹಳೆಯ ಮೂರ್ಛೆ ರೋಗವಿದ್ದೀತು ಎಂದು ತನ್ನಷ್ಟಕ್ಕೆ ಟಿಪ್ಪಣಿ ಮಾಡಿಕೊಂಡಿತು. ಆಮೇಲೆ ಒಂದು ಪ್ರಶ್ನೆ ಎತ್ತಿತು: ರೋಗಿಯನ್ನು ಡಾಕ್ಟರು ಸ್ವತಃ ಕೇಳಿದ್ದರೇ? ಉತ್ತರ ಬರುವವರೆಗೂ ಇರಲೆಂದು ಇಂದುಮತಿಯ ದೀಪವನ್ನು ಹಳದಿ ಮಾಡಿತು.

ಜಯತೀರ್ಥ ಕಾಲೇಜಿನಲ್ಲಿ ಗಣಿತ ಕಲಿಸಿ ನಿವೃತ್ತನಾದವನು. ಇಂದುಮತಿ ಮನೆಗೆ ಬಂದಾಗ ಮೊರದ ತುಂಬ ಮೆಂತ್ಯೆ ಪಲ್ಯ ಹರಡಿಕೊಂಡು ಸೋಸುತ್ತಿದ್ದ. ಆಕೆ ಎದುರಿಗೆ ಕೂತು ಎಲ್ಲವನ್ನೂ ಹೇಳಿದಳು. ಮನೆಯಲ್ಲಿ ಕಿವಿ ಇರಲಿಲ್ಲ.

"ಮನವಿಗೆ ಸಹಿ ಹಾಕಿದಾಗ ನಿನ್ನ ಫೋಟೋನೂ ಪೇಪರಿನ್ಯಾಗ ಬಂದಿತ್ತು," ಅಂದ ಜಯತೀರ್ಥ. "ಭಾರಿ ನಗತಿದ್ದಿ ಅದರಾಗ."

"ಚಾಷ್ಟಿ ಬ್ಯಾಡ. ಈಗೇನು ಮಾಡಲಿ ಹೇಳ್ರಿ."

ಅವನು ಕಡ್ಡಿಗಳನ್ನು ಒಂದು ಬದಿಗೆ ಸರಿಸಿದ. "ನಿನ್ನ ತಪ್ಪಂತೂ ಅದ. ಆದ್ರ ಅವರು ಹಿಡದಿದ್ದು ಆ ತಪ್ಪಲ್ಲ. ನೀ ಕೇಳಿದಿ, ಕೇಳಿ ಬಚ್ಚಿಟ್ಟಿ. ನೀ ಕೇಳಲೇ ಇಲ್ಲ ಅಂತ ಅವರು ಹಿಡದಾರ."

"ಪ್ರಣೀತಾಗರ ಒಂದು ಮಾತು ಹೇಳಿಡಬೇಕಿತ್ತು."

"ಯಾಕ ಹೇಳಲಿಲ್ಲ?"

ಇಂದುಮತಿ ಯೋಚಿಸಿದಳು. ನೆವಗಳು ಹಲವಿದ್ದವು. ನಿಜವಾದ ಕಾರಣ ಒಂದೇ: ವರಾಂಡದಲ್ಲಿ ಕೇಳಿದ್ದನ್ನು ಕೋಣೆಯೊಳಗೆ ಬಂದ ಕೂಡಲೇ ಮರೆತವಳಂತೆ ಇರುವುದು ಆಕೆಗೆ ರೂಢಿಯಾಗಿ ಹೋಗಿತ್ತು. ಅಂಥ ಎಷ್ಟೋ ಹುಡುಗಿಯರ ಎಷ್ಟೋ ಮಾತುಗಳು ತಲೆಯಲ್ಲಿದ್ದವು. ಅವು ತನ್ನ ತಲೆಯಲ್ಲಿದ್ದರೆ ಸಾಕು, ಎಲ್ಲರೂ ಸುರಕ್ಷಿತ ಎಂದು ಆಕೆ ಹಮ್ಮಿನಿಂದಲೇ ನಂಬಿದ್ದಳು. ಅದನ್ನು ಗಂಡನೆದುರು ಹೇಳಲು ನಾಚಿಕೆಯಾಯಿತು.

"ಮರತೆ," ಅಂದಳು.

ವಿಚಾರಣೆಗೆ ಮುಂಚೆ ಮಂಡಳಿಯವರು ಒಮ್ಮೆ ಕರೆಸಿದರು. ಹುಬ್ಬಳ್ಳಿಯಲ್ಲಿ ಅವರ ನಿಯಂತ್ರಣ ಕೊಠಡಿ ಒಂದು ಸಿನಿಮಾ ಮಂದಿರದಷ್ಟಿತ್ತು. ಎದುರಿನ ಗೋಡೆಯ ತುಂಬ ಚುಕ್ಕೆಗಳು, ಒಂದೊಂದು ಚುಕ್ಕೆ ಒಂದೊಂದು ಕೋಣೆ. ಯಾವುದೋ ಊರಿನಲ್ಲಿ ಯಾರೋ ಡಾಕ್ಟರು ಮಾತಾಡಿದಾಗಲೆಲ್ಲ ಚುಕ್ಕೆ ಮಿನುಗುತ್ತಿತ್ತು. ಕೆಳಗೆ ಸಾಲಾಗಿ ಕೂತ ಹುಡುಗರು ಕಡಲೆ ಮೆಲ್ಲುತ್ತ ಹಳದಿಗೆ ತಿರುಗಿದ ಚುಕ್ಕೆಗಳನ್ನಷ್ಟೇ ನೋಡುತ್ತಿದ್ದರು. ಪರಿಶೀಲನಾಧಿಕಾರಿ ಡಾಕ್ಟರ್ ಚನ್ನವೀರ ಹಾಲಭಾವಿ ಎಂಬವರು. ಮೊದಲು ಒಳ್ಳೆಯ ಸರ್ಜನ್ ಎಂದು ಹೆಸರಾದವರು. ಕೈ ನಡುಗತೊಡಗಿದ ಮೇಲೆ ಇಲ್ಲಿಗೆ ಬಂದಿದ್ದರು.

ಹಾಲಭಾವಿ ಪರದೆಯ ಮೇಲೆ ಒಂದು ಗೆರೆ ತೋರಿಸಿದರು. "ನೋಡ್ರಿ ಮೇಡಂ. ಇದು ನಮ್ಮ ಭಾಗದ ಬಸುರಿ ಹೆಣ್ಣಮಕ್ಕಳನ್ನ ತೂಕ ಮಾಡ್ಲಿಕ್ಕೆ ಹಿಡಿಯೋ ಹೊತ್ತು. ವರ್ಷದಿಂದ ವರ್ಷಕ್ಕ ಏರಕೋತ ನಡದದ. ಈ ಶಿವಲೀಲಾ ಅನ್ನೋ ಹುಡುಗಿ ಹೊರಗ ಹೋಗಿ ಬರೂದ್ರಾಗ ಒಂದು ಕಪ್ ಚಾ ಕುಡೀಬಹುದಿತ್ತು."

"ನಿಮಗ ಗೊತ್ತದ ಹಂಗಾದ್ರ."

ಹಾಲಭಾವಿ ತಮ್ಮ ಮೇಜಿನ ಮೇಲಿದ್ದ ಬೂದು ಬಿಲ್ಲೆಯ ಕಡೆಗೆ ಕಣ್ಣು ಹೊರಳಿಸಿದರು. ಪರಿಶೀಲಿಸುವವರನ್ನು ಪರಿಶೀಲಿಸಲಿಕ್ಕೂ ಕಿವಿ ಇತ್ತು. "ತೂಕ ಮಾಡೋದು ಒಳ್ಳೇ ಪದ್ಧತಿ," ಎಂದು ಗಂಭೀರವಾಗಿ ಹೇಳಿ, ಮುಂದಿನದನ್ನು ನಿಯಮ ಓದುವವರಂತೆ ಒಪ್ಪಿಸಿದರು. "ವಿಚಾರಣೆಯೊಳಗ ಒಂದ ಪ್ರಶ್ನೆ. ರೋಗಿನ್ನ ನೀವು ಸ್ವತಃ ಕೇಳಿದ್ರೋ ಇಲ್ಲೋ? ಕೇಳೀನಿ ಅಂದ್ರ ನಿಮ್ಮ ಲೈಸೆನ್ಸ್ ಉಳೀತದ. ಬರದಿಡಲಿಲ್ಲ ಅಂತ ಕೆಲವು ತಿಂಗಳು ಹಳದಿ ಇರಬಹುದು, ಅಷ್ಟ. ಆದ್ರ ಆವಾಗ ಹುಡುಗಿನ್ನ ಕರೀಬೇಕಾಗ್ತದ. ಆಕಿ ಏನು ಹೇಳಿದ್ಲು ಅಂತ ಕೇಳಬೇಕಾಗ್ತದ, ತಪಾಸಣಿ ಮಾಡಿಸಬೇಕಾಗ್ತದ."

"ಅದೆಲ್ಲಾ ಅವರ ಮನೀ ಫೋನಿಗೆ ಹೋಗ್ತದಲ್ಲ."

"ಮನೆಯವರ ಹಕ್ಕದು. ಕೇಳಲಿಲ್ಲ ಅಂದ್ರ ಪ್ರಶ್ನೆ ಅಲ್ಲಿಗೇ ಮುಗೀತದ. ಹುಡುಗಿನ್ನ ಕರಿಯೋ ಕಾರಣ ಇಲ್ಲ. ಯಂತ್ರದ ಟಿಪ್ಪಣಿನೂ ಅಲ್ಲೇ ಮುಚ್ಚತದ. ಆದ್ರ ಲೈಸೆನ್ಸ್ ರದ್ದಾಗ್ತದ ಮೇಡಂ. ತಿರುಗಿ ಸಿಗೂದಿಲ್ಲ."

"ನಾ ನಿಜ ಹೇಳ್ಲಿಕ್ಕೆ ಹುಡುಗಿ ಒಪ್ಪಿದ್ರ?"

"ಆಕಿ ಇಲ್ಲಿ ಬಂದು ಒಪ್ಪೀನಿ ಅಂದ್ರೂ ಅದ ಒಂದು ದಾಖಲೆ." ಹಾಲಭಾವಿ ಕನ್ನಡಕ ತೆಗೆದು ಒರೆಸಿಕೊಂಡರು. ನಡುಗುವ ಕೈಯಲ್ಲಿ ಅದು ಸುಲಭದ ಕೆಲಸವಾಗಿರಲಿಲ್ಲ.

ಇಂದುಮತಿ ಮನೆಗೆ ಬಂದು ಎಂದಿನಂತೆ ಅನ್ನಕ್ಕಿಟ್ಟಳು. ಜಯತೀರ್ಥ ಏನೂ ಕೇಳಲಿಲ್ಲ. ಕೇಳದೆ ಇರುವುದು ಅವನಿಗೆ ಬಹಳ ಕಷ್ಟದ ಕೆಲಸ, ಆಕೆಗದು ಗೊತ್ತಿತ್ತು. ಊಟಕ್ಕೆ ಕೂತಾಗ ಆಕೆಯೇ ಹೇಳಿದಳು.

"ನಿಜ ಹೇಳಿದ್ರ ನನ್ನ ಕೆಲಸ ಉಳೀತದ. ಆ ಹುಡುಗಿಗೆ ಕೂಸೂ ಇಲ್ಲ, ಮನೀನೂ ಇಲ್ಲ ಆಗ್ತದ."

"ಸುಳ್ಳು ಹೇಳಿದ್ರ?"

"ನಾ ಮನ್ಯಾಗ ಕೂತು ಮೆಂತ್ಯೆ ಪಲ್ಯ ಸೋಸ್ತೀನಿ."

"ನನ್ನ ಕೆಲಸಕ್ಕ ಕುತ್ತು ತರಬ್ಯಾಡ," ಅಂದ ಜಯತೀರ್ಥ. ಆಮೇಲೆ ತಟ್ಟೆ ನೋಡುತ್ತ, "ಕೂಸು ಸತ್ತದ ಇಂದೂ. ಅದಕ್ಕ ನೀ ಕೊಡೋ ದಂಡ ಅಂತ ತಿಳ್ಕೊಂಡು ಸುಳ್ಳು ಹೇಳಬ್ಯಾಡ. ಹುಡುಗಿ ಸಲುವಾಗಿ ಹೇಳಿದ್ರ ಹೇಳು," ಅಂದ.

ಎರಡೂ ಒಂದಕ್ಕೊಂದು ಹೆಣೆದುಕೊಂಡಿದ್ದವು. ಬಿಡಿಸಿ ನೋಡಲು ಇಂದುಮತಿಗೆ ಆಗಲಿಲ್ಲ. ಹೆರಿಗೆ ಕೋಣೆಯಿಲ್ಲದ ತನ್ನ ದಿನವನ್ನು ಕಲ್ಪಿಸಿಕೊಳ್ಳಲು ನೋಡಿದಳು. ಬೆಳಗಿನ ಕಾಫಿಯಿಂದಾಚೆಗೆ ಏನೂ ಕಾಣಲಿಲ್ಲ. ಹೆದರಿಕೆಯಾಯಿತು.

ತಿಂಗಳುಗಟ್ಟಲೆ ಕಾದ ಮೇಲೆ ಬಂದ ವಿಚಾರಣೆಯ ದಿನ ಸಭಾಕೋಣೆಯಲ್ಲಿ ಹಾಲಭಾವಿಯವರೂ ಇನ್ನಿಬ್ಬರು ಸದಸ್ಯರೂ ಇದ್ದರು. ಮನೆಯವರ ಸಾಲಿನಲ್ಲಿ ಶಿವಲೀಲಾಳ ಮಾವ ಮಲ್ಲೇಶಪ್ಪ ಫೋನನ್ನು ಅಂಗೈಯಲ್ಲಿ ಹಿಡಿದು ಕೂತಿದ್ದ. ಪಕ್ಕದಲ್ಲಿ ಮಗ ಈರಣ್ಣ, ಆಚೆಗೆ ಬಸಲಿಂಗವ್ವ. ಹುಡುಗಿಯನ್ನು ಅಗತ್ಯಬಿದ್ದರೆ ಕರೆಯುವುದೆಂದು ಹೊರಗೆ ಕೂರಿಸಿದ್ದರು. ಹಿಂದಿನ ಸಾಲಿನಲ್ಲಿ ಪ್ರಣೀತಾ ಇದ್ದಳು.

ದಾಖಲೆಗಳನ್ನು ಓದಿದರು. ಅತ್ತೆಯ ಉತ್ತರಗಳನ್ನು ಓದಿದರು. ಆಮೇಲೆ ಹಾಲಭಾವಿ ಕೇಳಿದರು. "ಹಿಂದಿನ ರೋಗಗಳ ವಿಷಯ ನೀವು ರೋಗಿನ್ನ ಸ್ವತಃ ಕೇಳಿದ್ರೇನು?"

ಇಂದುಮತಿ ಮಲ್ಲೇಶಪ್ಪನ ಅಂಗೈಯ ಫೋನಿನ ಕಡೆಗೆ ನೋಡಿದಳು. "ಇಲ್ಲ," ಅಂದಳು.

"ತೂಕ ಮಾಡುವಾಗ?"

"ತೂಕ ಮಾಡಿದೆ."

"ಇನ್ನೊಮ್ಮೆ ಕೇಳ್ತೀನಿ ಡಾಕ್ಟರ್. ಅವಸರ ಇಲ್ಲ. ಕೋಣಿ ಒಳಗಾಗಲಿ ಹೊರಗಾಗಲಿ, ಆ ಹುಡುಗಿನ್ನ ನೀವು ಒಮ್ಮೆಯಾದ್ರೂ ಕೇಳಿದ್ರೋ?"

"ಕೇಳಲಿಲ್ಲ."

ಅದನ್ನೂ ಕಿವಿ ಬರೆದುಕೊಂಡಿತು. ದನಿ ಡಾಕ್ಟರರದೇ ಎಂದು ಖಾತ್ರಿ ಮಾಡಿಕೊಂಡಿತು. ಮಲ್ಲೇಶಪ್ಪನ ಅಂಗೈಯಲ್ಲಿ ಫೋನು ಒಮ್ಮೆ ನಡುಗಿತು. ಸದಸ್ಯರು ತಲೆಯಾಡಿಸಿದರು, ಹಾಲಭಾವಿ ತೀರ್ಪು ಓದಿದರು. ರೋಗಿಯ ಪೂರ್ವ ಇತಿಹಾಸ ಕೇಳದೆ ಚಿಕಿತ್ಸೆ. ಲೈಸೆನ್ಸ್ ಶಾಶ್ವತವಾಗಿ ರದ್ದು. ಗದಗಿನ ಕೋಣೆಯಲ್ಲಿ ಅಷ್ಟು ಹೊತ್ತಿಗೆ ದೀಪ ಕೆಂಪಾಗಿರಬೇಕು.

ಜನ ಏಳುವಾಗ ಪ್ರಣೀತಾ ಆಕೆಯ ಎದುರಿಗೆ ಬಂದು ನಿಂತಳು. ಕಣ್ಣುಗಳು ಕೆಂಪಾಗಿದ್ದವು. "ಒಂದ ಒಂದು ಮಾತು ಕೇಳಿದ್ರ ಸಾಕಾಗಿತ್ತಲ್ಲ ಮೇಡಂ. ನಾನ ನನ್ನ ಕೈಯಾರೆ ಕೂಸನ್ನ ಹೊರಗ ತಗದೀನಿ," ಅಂದಳು. ಅವಳಿಗೆ ಕೊಡಲು ಇಂದುಮತಿಯ ಬಳಿ ಉತ್ತರವಿತ್ತು, ಕೊಡುವಂತಿರಲಿಲ್ಲ. ಲೈಸೆನ್ಸ್ ಹೋದದ್ದಕ್ಕಿಂತ ಆ ಹುಡುಗಿಯ ಮುಖ ಆಕೆಗೆ ಹೆಚ್ಚು ನೋವುಂಟುಮಾಡಿತು.

ಹೊರಗೆ ಮಂಡಳಿಯ ಕ್ಯಾಂಟೀನಿನ ಹಿಂದ್ಗಡೆ ಒಂದು ಸಿಮೆಂಟಿನ ಕಟ್ಟೆಯಿತ್ತು. ಇಂದುಮತಿ ಅಲ್ಲಿ ಹೋಗಿ ಕೂತಳು. ಸ್ವಲ್ಪ ಹೊತ್ತಿಗೆ ಬಸಲಿಂಗವ್ವ ಸೆರಗು ಸರಿಪಡಿಸಿಕೊಳ್ಳುತ್ತ ಬಂದಳು. ಗಂಡನನ್ನೂ ಮಗನನ್ನೂ ಚಹಾಕ್ಕೆ ಕೂರಿಸಿ ಬಂದಿದ್ದಳು.

"ಇಲ್ಲಿ ಕಿವಿ ಐತೇನ್ರಿ?"

"ಇಲ್ಲ."

ಬಸಲಿಂಗವ್ವ ಕಟ್ಟೆಯ ಇನ್ನೊಂದು ತುದಿಗೆ ಕೂತಳು. "ಒಳಗ ನೀವು ಸುಳ್ಳ ಹೇಳಿದ್ರಿ. ಶಿವಲೀಲಾ ನಿಮಗ ಎಲ್ಲಾ ಹೇಳ್ಯಾಳ. ತೂಕ ಮಾಡಿಸಿ ಒಳಗ ಬಂದಾಗ ಆಕಿ ಮಾರಿ ನೋಡಿದ್ನಲ್ಲ, ಆವತ್ತ ತಿಳಕೊಂಡೆ."

ಇಂದುಮತಿ ತಿರುಗಿ ನೋಡಿದಳು. "ನಿಮಗ ಗೊತ್ತಿತ್ತೇನು?"

"ಮದಿವ್ಯಾದ ವರ್ಷ ಪಂಚಮಿ ಮುಂದ ಹಿತ್ತಲದಾಗ ಬಿದ್ಲ್ರಿ. ಗಂಡಸರು ಯಾರೂ ಇದ್ದಿದ್ದಿಲ್ಲ. ಕೈಯಾಗ ಕಬ್ಬಿಣದ ಕೀಲಿ ಹಿಡಿಸಿ, ಬಾಯಿ ಒರಿಸಿ, ಮಲಗಿಸಿದೆ. ಎಚ್ಚರಾದ ಮ್ಯಾಲೆ, ಹಸಿವಿಗೆ ತಲಿ ತಿರುಗಿ ಬಿದ್ದಿಯವಾ ಅಂದೆ. ಆಕಿನೂ ಹೌದತ್ತಿ ಅಂದ್ಲು." ಮುದುಕಿ ನೆಲ ನೋಡಿದಳು. "ನಮ್ಮ ಮನೆಯವರಿಗೆ ಗೊತ್ತಾಗಿದ್ರ ಆಕಿ ಆವತ್ತ ಇರ್ತಿದ್ದಿಲ್ಲ. ಆ ಮನ್ಯಾಗ ನನಗ ಮಾತಾಡಾಕ ಇರಾಕಿ ಆಕಿ ಒಬ್ಬಾಕಿ."

"ಮತ್ತ ಅವತ್ತು ಆಸ್ಪತ್ರ್ಯಾಗ ಪ್ರಣೀತಾ ಕೇಳಿದಾಗ ಇಲ್ಲ ಅಂದ್ರಲ್ಲ."

"ಗ್ವಾಡಿ ಮ್ಯಾಗ ಕಿವಿ ಇತ್ತಲ್ರಿ. ಹೌದು ಅಂದಿದ್ರ ನಮ್ಮವರ ಫೋನಿಗೆ ಬರ್ತಿತ್ತು. ನಿಮಗ ಗೊತ್ತೈತಿ ಅಂತ ನಾ ಧೈರ್ಯದಾಗ ಇದ್ದೆ. ಡಾಕ್ಟರು ಡಾಕ್ಟರಿಗೆ ಹೇಳಿರ್ತಾರ, ನಾ ಇಲ್ಲ ಅಂದ್ರೇನಾತು ಅಂದ್ಕೊಂಡೆ."

ಇಂದುಮತಿ ತಾನು ಈ ಮುದುಕಿಯಿಂದ ಹುಡುಗಿಯನ್ನು ಕಾಯುತ್ತಿದ್ದೆ ಎಂದುಕೊಂಡಿದ್ದಳು. ಮುದುಕಿ ಅವಳನ್ನು ಮನೆಯ ಗಂಡಸರಿಂದ ಕಾಯುತ್ತಿದ್ದಳು. ಹುಡುಗಿ ಇಬ್ಬರ ನಡುವೆ ತನ್ನನ್ನು ತಾನು ಬಚ್ಚಿಟ್ಟುಕೊಂಡಿದ್ದಳು. ಯಾರೊಬ್ಬರು ಇನ್ನೊಬ್ಬರ ಹತ್ತಿರ ಬಾಯಿ ಬಿಟ್ಟಿದ್ದರೂ ಕೂಸಿಗೀಗ ಹಲ್ಲು ಬರುವ ಕಾಲವಾಗಿರುತ್ತಿತ್ತು. ಆಕೆಗೆ ಅಳು ಬಂತು. ಅತ್ತಳು.

ಬಸಲಿಂಗವ್ವ ಅದು ಮುಗಿಯುವವರೆಗೂ ಕಾದಳು. ಆಮೇಲೆ, "ಒಂದು ಕೇಳ್ತೀನ್ರಿ. ಕೂಸು ಹುಟ್ಟಿದಾಗ ಅತ್ತಿತ್ತೇನ್ರಿ?" ಅಂದಳು.

ಇಂದುಮತಿ ಆ ದಾಖಲೆಯನ್ನು ಎಷ್ಟು ಸಲ ಓದಿದ್ದಳೆಂದರೆ ಬಾಯಿಪಾಠವಾಗಿತ್ತು. ಕೂಸು ಅತ್ತಿರಲಿಲ್ಲ. ಅತ್ತಿತ್ತು ಅಂದರೆ ಈ ಮುದುಕಿಗೆ ಸಮಾಧಾನವಾಗುತ್ತದೆ. ಯಾರೂ ಬರೆದುಕೊಳ್ಳುವುದಿಲ್ಲ, ಯಾರಿಗೂ ನಷ್ಟವಿಲ್ಲ. ಮಾತು ನಾಲಿಗೆಯ ತುದಿಗೆ ಬಂದಿತ್ತು.

"ಇಲ್ಲ ಬಸಲಿಂಗವ್ವಾ," ಅಂದಳು. "ಅಳಲಿಲ್ಲ."

ಬಸಲಿಂಗವ್ವ ನಿಧಾನವಾಗಿ ತಲೆಯಾಡಿಸಿದಳು. "ಎಲ್ಲಾರೂ ಅತ್ತಿತ್ತು ಅತ್ತಿತ್ತು ಅಂತಾರ್ರಿ. ನನಗ ಖರೇ ಅನಿಸಿರಲಿಲ್ಲ." ಸೆರಗಿನಿಂದ ಮೂಗು ಒರೆಸಿಕೊಂಡು ಎದ್ದಳು. "ಏಳ್ರಿ. ಆಕಿ ಕಡೆ ಹೋಗೂಣು."

ಶಿವಲೀಲಾ ಸಭಾಕೋಣೆಯ ಹೊರಗಿನ ಬೆಂಚಿನ ಮೇಲೆ, ಇನ್ನೂ ಯಾರಾದರೂ ಕರೆದಾರು ಎಂಬಂತೆ ಕಾಲು ಜೋಡಿಸಿಕೊಂಡು ಕೂತಿದ್ದಳು. ಅತ್ತೆಯೂ ಡಾಕ್ಟರೂ ಒಟ್ಟಿಗೆ ಬರುವುದನ್ನು ಕಂಡು ಮುಖ ಬಿಳಿಚಿಕೊಂಡಿತು. ಎದ್ದು ನಿಂತಳು. ಒಳಗೆ ಎಲ್ಲ ಹೊರಬಿದ್ದಿದೆ, ಇನ್ನು ತವರಿನ ದಾರಿಯೇ ಎಂದು ಅವಳು ತಿಳಿದದ್ದು ಇಂದುಮತಿಗೆ ದೂರದಿಂದಲೇ ಕಂಡಿತು. ಬಾಗಿಲು ತೆರೆದಿತ್ತು, ಒಳಗಿನ ಗೋಡೆಯ ಮೇಲೆ ಬೂದು ಬಿಲ್ಲೆ ಕಾಣುತ್ತಿತ್ತು. ಬಸಲಿಂಗವ್ವ ಹೋಗಿ ಬಾಗಿಲನ್ನು ಎಳೆದು ಮುಚ್ಚಿದಳು. ಬಂದು ಬೆಂಚಿನ ಮೇಲೆ ಕೂತು, ಸೊಸೆಯ ಕೈ ಹಿಡಿದು ಪಕ್ಕಕ್ಕೆ ಎಳೆದುಕೊಂಡಳು.

"ಕುಂಡ್ರವಾ," ಅಂದಳು. "ನನಗ ಮೊದಲಿಂದ ಗೊತ್ತೈತಿ."